ಭಂಡಾರ ಹಚ್ಚಿದ ಕಲ್ಲು

ಕನಕಪ್ಪನಿಗೆ ಆಕಾಶ ಕಂಡರೆ ಆಗುತ್ತಿರಲಿಲ್ಲ. ಮಳೆ ಬರುತ್ತದೋ ಇಲ್ಲವೋ ಎಂದು ಎಲ್ಲರಂತೆ ಅವನೂ ಕತ್ತೆತ್ತಿ ನೋಡುತ್ತಿದ್ದ, ಅದಕ್ಕೆ ಅಡ್ಡಿಯಿಲ್ಲ. ಮಲಗಿಕೊಂಡು ನೋಡುವ ಮಾತು ಬಂತೋ, ಮುಖ ಸಿಂಡರಿಸಿಬಿಡುತ್ತಿದ್ದ. ಬಾಗಲಕೋಟೆಯ ನವನಗರದಲ್ಲಿ ಅವನು ಕಟ್ಟಿಸಿದ ಮನೆಗೆ ಗಟ್ಟಿ ಆರ್.ಸಿ.ಸಿ. ಛಾವಣಿ, ಕಿಟಕಿಗೆ ಸರಳು, ಸರಳಿನ ಹಿಂದೆ ಸೊಳ್ಳೆ ಜಾಳಿಗೆ, ಜಾಳಿಗೆಯ ಹಿಂದೆ ದಪ್ಪ ಪರದೆ. ಬೇಸಿಗೆಯಲ್ಲಿ ಓಣಿಯ ಮಂದಿಯೆಲ್ಲ ಹಾಸಿಗೆ ಹೊತ್ತು ಮಾಳಿಗೆ ಏರಿದರೆ, ಕನಕಪ್ಪ ಒಬ್ಬನೇ ಕೆಳಗೆ ಎ.ಸಿ. ಹಾಕಿಕೊಂಡು, ಬಾಗಿಲಿಗೆ ಚಿಲಕ ಜಡಿದು ಮಲಗುತ್ತಿದ್ದ.

ಸುಮ್ಮನೆ ಬಂದ ಸಿಟ್ಟಲ್ಲ ಅದು. ಕನಕಪ್ಪ ಹುಟ್ಟಿದ್ದು ಗುಡೂರಿನ ಹತ್ತಿರ ಯಾರದೋ ಹೊಲದ ಬದುವಿನ ಮೇಲೆ, ಕುರಿಹಿಂಡಿನ ನಡುವೆ. ಅವನ ಅಪ್ಪ ವರ್ಷದ ಮುಕ್ಕಾಲು ಪಾಲು ಕುರಿ ಹಿಂದೆ ಊರೂರು ತಿರುಗಿದವನು. ಹಿಂಡು ಎಲ್ಲಿ ನಿಂತಿತೋ ಅಲ್ಲೇ ಮನೆ, ಕರಿ ಕಂಬಳಿಯೇ ಛಾವಣಿ. ಕನಕಪ್ಪ ಹುಡುಗನಾಗಿದ್ದಾಗ ಒಮ್ಮೆ ಬೇಸಿಗೆಯ ಅಡ್ಡಮಳೆಗೆ ಆಲಿಕಲ್ಲು ಬಿದ್ದು ಮರಿಗಳು ಸತ್ತವು. ನೀರು ಕುಡಿದ ಕಂಬಳಿ ಮೈಮೇಲೆ ಹೆಣಭಾರವಾಗಿ ಕೂತಿತ್ತು. ಅದರಡಿ ಗದಗದ ನಡುಗುತ್ತ, ತನ್ನದೊಂದು ಮಾಳಿಗೆ ಆದ ಮೇಲೆ ಮತ್ತೆಂದೂ ಬಯಲಲ್ಲಿ ಬೆನ್ನು ಹಚ್ಚುವುದಿಲ್ಲ ಎಂದು ಅವನು ಬೀರಪ್ಪ ದೇವರ ಮೇಲೆ ಆಣೆ ಮಾಡಿದ. ಆಮೇಲೆ ಹಾಸ್ಟೆಲ್ಲು ಸೇರಿ ಓದಿದ, ಪರೀಕ್ಷೆ ಕಟ್ಟಿದ, ಸರಕಾರಿ ಕಚೇರಿಯಲ್ಲಿ ಗುಮಾಸ್ತನಾದ. ತಲೆಗೂದಲು ನೆರೆಯಲು ಶುರುವಾದರೂ ಆಣೆ ಮುರಿದಿರಲಿಲ್ಲ.

ಅಂಥವನ ಹೆಂಡತಿ ಒಂದು ಸಂಜೆ ಚಹಾದ ಕಪ್ಪು ಕೈಗೆ ಕೊಡುತ್ತ ಹೇಳಿದಳು.

"ಈ ಶನಿವಾರ ನಾ ಗುಡ್ಡಕ್ಕ ಹೊಂಟೇನ್ರಿ. ರಾತ್ರಿ ಅಲ್ಲೇ ಟೆಂಟ್ ಹಾಕಿ ಮಲಗತೇನಿ."

"ಯಾಕ, ಮನ್ಯಾಗ ಮಂಚ ಮುರದೈತೇನು?"

"ಮಂಚ ಐತ್ರಿ. ನಿದ್ದಿ ಇಲ್ಲ."

ಕನಕಪ್ಪ ಕಪ್ಪನ್ನು ತುಟಿಗೆ ಮುಟ್ಟಿಸದೆ ಕೆಳಗಿಟ್ಟ.

ಸವಿತಾ ಇಳಕಲ್ಲಿನವಳು, ಬಾಗಲಕೋಟೆಯ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸು. ಅವಳ ಕೆಲಸವನ್ನು ಕನಕಪ್ಪ ಎಂದೂ ಬಾಯಿಬಿಟ್ಟು ಹೊಗಳಿದವನಲ್ಲ, ಗಂಡಂದಿರಿಗೆ ಅಷ್ಟು ಒಳ್ಳೆಯ ಬುದ್ಧಿ ಎಲ್ಲಿಂದ ಬರಬೇಕು. ಆದರೆ ಸಂತೆಯಲ್ಲಿ ಯಾವಳೋ ಹೆಣ್ಣುಮಗಳು ಎದುರು ನಿಂತು, ಕಂಕುಳಲ್ಲಿದ್ದ ಕೂಸನ್ನು ತೋರಿಸಿ, "ಸಿಸ್ಟರ್, ಇದು ನಿಮ್ಮ ಕೈಯಾಗ ಹುಟ್ಟಿದ್ದು ನೋಡ್ರಿ" ಎಂದಾಗ ಅವನ ಎದೆ ಗೇಣುದ್ದ ಉಬ್ಬುತ್ತಿತ್ತು. ಆವತ್ತು ಕಾಯಿಪಲ್ಯೆಯ ಚೀಲವನ್ನು ಕೇಳದೆಯೇ ತಾನೇ ಹೊರುತ್ತಿದ್ದ.

ಅಂಥ ಸವಿತಾಳಿಗೆ ಬೇಸಿಗೆಯಿಂದೀಚೆ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ. ರಾತ್ರಿಪಾಳಿ ಮಾಡಿ ಮಾಡಿ ಅವಳ ಮೈಗೆ ಯಾವುದು ಹಗಲು, ಯಾವುದು ರಾತ್ರಿ ಎಂಬುದೇ ಮರೆತುಹೋಗಿತ್ತು. ಮಲಗಿದರೆ ಸಾಕು, ಕಿವಿಯಲ್ಲಿ ವಾರ್ಡಿನ ಕೂಗು. ಡಾಕ್ಟರು ಕೊಟ್ಟ ಗುಳಿಗೆ ನುಂಗಿದರೆ ಮರುದಿನ ತಲೆ ಮಬ್ಬು. ಹೋದ ವಾರವಂತೂ ಒಬ್ಬಳಿಗೆ ಕೊಡಬೇಕಾದ ಇಂಜೆಕ್ಷನ್ನನ್ನು ಪಕ್ಕದ ಹಾಸಿಗೆಯವಳಿಗೆ ಕೊಡಲು ಹೋಗಿದ್ದಳು. ಸೂಜಿ ಮೈ ಮುಟ್ಟುವ ಮೊದಲೇ ಜೊತೆಯ ನರ್ಸು ಆಫ್ರೀನ ಅವಳ ಕೈ ಹಿಡಿದಳು. ಏನೂ ಆಗಲಿಲ್ಲ, ಬೇರೆ ಯಾರಿಗೂ ಗೊತ್ತಾಗಲೂ ಇಲ್ಲ. ಸವಿತಾಳಿಗೆ ಗೊತ್ತಿತ್ತಲ್ಲ, ಅಷ್ಟು ಸಾಕಾಯಿತು.

"ಸೋಮವಾರ ಹಿರೇ ಸಿಸ್ಟರ್‌ಗೆ ಹೇಳತೇನ್ರಿ" ಎಂದಳು ಈಗ. "ಹೆರಿಗಿ ವಾರ್ಡ್ ಬಿಟ್ಟು ಪೇಶಂಟ್ ಚೀಟಿ ಬರಿಯೂ ಕ್ವಾಣಿಗೆ ಹಾಕ್ರಿ ಅಂತೇನಿ. ಅದಕ್ಕೂ ಮೊದಲ ಒಂದ್ಸಲ ನೋಡತೇನಿ, ನಿದ್ದಿ ಬರತೈತೇನು ಅಂತ. ಬಂದ್ರ ವಾರ್ಡಿನಾಗ ಉಳೀತೇನಿ. ಬರಲಿಲ್ಲಂದ್ರ ಇಲ್ಲ."

ಗುಡ್ಡದ ಹುಚ್ಚು ಹಿಡಿಸಿದವಳು ಆಫ್ರೀನ. ಅವಳು ರಜೆ ಸಿಕ್ಕಾಗಲೆಲ್ಲ ಬೆನ್ನಿಗೊಂದು ಬ್ಯಾಗು ಏರಿಸಿ ಯಾವುದಾದರೂ ಗುಡ್ಡ ಹತ್ತಿ, ಅಲ್ಲೇ ಟೆಂಟಿನಲ್ಲಿ ಮಲಗಿ ಬರುವವಳು. "ತಲಿಯೊಳಗಿನ ಗದ್ದಲ ಕಾಲಿಗೆ ಇಳೀತೈತಿ ಅಕ್ಕಾ, ಕಾಲು ಸೋತಾಗ ಅದೂ ಸುಮ್ಮನಾಗತೈತಿ" ಎನ್ನುತ್ತಿದ್ದಳು. ಹಿಂದಿನ ತಿಂಗಳು ಸವಿತಾಳನ್ನು ಐಹೊಳೆಯ ಕಡೆ ಕರೆದೊಯ್ದಿದ್ದಳು. ಅಲ್ಲೊಂದು ಬಂಡೆಯ ನೆರಳಲ್ಲಿ ಸವಿತಾಳಿಗೆ ಮಧ್ಯಾಹ್ನ ತುಸುಹೊತ್ತು ಜೊಂಪು ಹತ್ತಿತ್ತು. ಆ ತುಸು ನಿದ್ದೆಯನ್ನು ಅವಳು ಹಬ್ಬದೂಟ ನೆನೆಸಿಕೊಂಡಂತೆ ನೆನೆಸಿಕೊಳ್ಳುತ್ತಿದ್ದಳು. ಈ ಸಲ ಆಫ್ರೀನಳ ಅಕ್ಕನ ನಿಕಾಹ್ ಇತ್ತು. ಟೆಂಟು ಕೊಟ್ಟು, ಹಾಕುವುದನ್ನು ಕಲಿಸಿ, ನೀವೇ ಹೋಗಿಬನ್ನಿ ಎಂದಿದ್ದಳು.

ಹೆಂಡತಿಯೊಬ್ಬಳನ್ನೇ ಗುಡ್ಡಕ್ಕೆ ಕಳಿಸುವಷ್ಟು ಕಲ್ಲುಮನಸ್ಸು ಕನಕಪ್ಪನದಲ್ಲ. ಆಣೆ ಮುರಿಯುವ ಧೈರ್ಯವೂ ಇಲ್ಲ. ಅವನು ಟೆಂಟನ್ನು ಮನೆಯ ಪಡಸಾಲೆಯಲ್ಲೇ ಬಿಚ್ಚಿಸಿ, ಕನ್ನಡಕ ಏರಿಸಿ ಸುತ್ತಲೂ ತಿರುಗಿ ನೋಡಿದ. ಮೇಲೆ ಮುಚ್ಚಿದೆ, ಸುತ್ತ ಗೋಡೆಯಿದೆ, ಬಾಗಿಲಿಗೆ ಜಿಪ್ಪಿದೆ. ಬಟ್ಟೆಯದಾದರೂ ಛಾವಣಿ ಛಾವಣಿಯೇ. ಇದರೊಳಗೆ ಮಲಗಿದರೆ ಬಯಲಲ್ಲಿ ಬೆನ್ನು ಹಚ್ಚಿದಂತಾಗುವುದಿಲ್ಲ ಎಂದು ತೀರ್ಮಾನಕ್ಕೆ ಬಂದ. ಗುಮಾಸ್ತನ ಬುದ್ಧಿ ಇಂಥ ಸಂದುಗಳನ್ನು ಬಹಳ ಚೆನ್ನಾಗಿ ಹುಡುಕುತ್ತದೆ.

ಶನಿವಾರ ಬೆಳಿಗ್ಗೆ ಇಬ್ಬರೂ ಬಾದಾಮಿಯಲ್ಲಿ ಬಸ್ಸಿಳಿದು, ಕೆರೆಯ ಬದಿಯಿಂದ ಗುಡ್ಡ ಹತ್ತಿದರು. ಮಹಾಕೂಟ ದಾಟಿ, ಶಿವಯೋಗ ಮಂದಿರದ ಹತ್ತಿರ ಹೊಳಬಸಪ್ಪ ಎಂಬ ಪರಿಚಯದ ರೈತನ ಹೊಲದಲ್ಲಿ ರಾತ್ರಿ ಉಳಿಯುವುದೆಂದು ಗೊತ್ತಾಗಿತ್ತು. ಹೊಳಬಸಪ್ಪ ಫೋನಿನಲ್ಲಿ, "ಸಜ್ಜಿ ಕೊಯ್ದು ಹೊಲ ಖಾಲಿ ಬಿದ್ದೈತ್ರಿ, ಎಲ್ಲಿ ಬೇಕಲ್ಲಿ ಮಲಕ್ಕೋರಿ" ಎಂದಿದ್ದ. ಇನ್ನೊಂದು ಮಾತು ಹೇಳುವುದಿತ್ತು, ಅದನ್ನು ಮರೆತಿದ್ದ.

ದೀಪಾವಳಿ ಕಳೆದು ಸ್ವಲ್ಪ ದಿನವಾಗಿತ್ತು. ಬೆಳಗಿನ ಬಿಸಿಲು ಬಿದ್ದು ಬಾದಾಮಿಯ ಕೆಂಪು ಬಂಡೆಗಳೆಲ್ಲ ಬೆಚ್ಚಗೆ ಹೊಳೆಯುತ್ತಿದ್ದವು. ಮಳೆ ನಿಂತು ಎಷ್ಟೋ ದಿನವಾದರೂ ಬಂಡೆಯ ಕುಳಿಗಳಲ್ಲಿ ನೀರು ಉಳಿದಿತ್ತು. ಆ ಬಂಡೆಗಳ ನಡುವೆ ಸವಿತಾ ನಡೆಯುವುದನ್ನು ಕನಕಪ್ಪ ಹಿಂದಿನಿಂದ ನೋಡಿದ. ಮನೆಯಲ್ಲಿ ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಗೋಡೆ ಹಿಡಿಯುತ್ತಿದ್ದ ಹೆಂಗಸು ಇವಳೇನಾ ಎಂದು ಅವನಿಗೆ ಅನುಮಾನ ಬಂತು. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಬಂಡೆಯಿಂದ ಬಂಡೆಗೆ ಕಾಲಿಟ್ಟು, ಎಲ್ಲಿಯೂ ತಡವರಿಸದೆ ಹೋಗುತ್ತಿದ್ದಳು. ಏದುಸಿರು ಬಿಟ್ಟವನು ಕನಕಪ್ಪನೇ. ಎಷ್ಟೆಂದರೂ ಕುರ್ಚಿಯಲ್ಲಿ ಕೂತು ಬೆಳೆದ ಹೊಟ್ಟೆ.

"ಕುರಿ ಹಿಂದ ತಿರುಗಿದ ಕಾಲು ಅಂತೀರಿ" ಎಂದಳು ಸವಿತಾ, ತಿರುಗಿ ನೋಡದೆ.

"ಆ ಕಾಲು ಬ್ಯಾರೆ. ಇವು ಸರಕಾರದ್ವು."

ಅವಳು ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತು ಎಂಬುದು ಕನಕಪ್ಪನಿಗೆ ಆಗ ಹೊಳೆಯಿತು. ಬ್ಯಾಗಿನ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡು ಬಿರಬಿರನೆ ಹತ್ತಿ ಅವಳ ಸಮಕ್ಕೆ ಬಂದ.

ಗುಡ್ಡದ ನೆತ್ತಿಯ ಮೇಲೆ ದಾರಿ ಸಮವಾಯಿತು. ಸುತ್ತಲೂ ಹಳದಿಗೆ ತಿರುಗಿದ ಹುಲ್ಲು, ಅಲ್ಲಲ್ಲಿ ಕಾರಿಮುಳ್ಳಿನ ಪೊದೆ, ಬಾರಿಹಣ್ಣಿನ ಗಿಡ. ಸವಿತಾ ಬಾರಿಗಿಡ ಕಂಡಲ್ಲೆಲ್ಲ ನಿಂತು ಇನ್ನೂ ಹಣ್ಣಾಗದ ಕಾಯಿ ಕಿತ್ತು ತಿಂದು ಕಣ್ಣು ಕಿರಿದು ಮಾಡಿದಳು. ಮಹಾಕೂಟದ ಹೊಂಡದ ತಣ್ಣೀರಿನಲ್ಲಿ ಕಾಲು ಇಳಿಬಿಟ್ಟು ಕೂತು ಕಟಕರೊಟ್ಟಿ, ಶೇಂಗಾಚಟ್ನಿ, ಉಳ್ಳಾಗಡ್ಡಿ ಮುಗಿಸಿದರು. ಮನೆಯಲ್ಲಿ ಅರ್ಧ ರೊಟ್ಟಿಗೆ ಏಳುತ್ತಿದ್ದವಳು ಇಲ್ಲಿ ಗಂಡನ ಪಾಲಿಗೂ ಕೈ ಹಾಕಿದಳು. ಕನಕಪ್ಪ ಕಂಡೂ ಕಾಣದಂತೆ ರೊಟ್ಟಿಯ ಗಂಟನ್ನು ಅವಳ ಕಡೆ ಸರಿಸಿದ. ಗುಡ್ಡ ಸುತ್ತುವುದರಲ್ಲಿ ಏನೋ ಇದೆ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡ. ಬಾಯಿಬಿಟ್ಟು ಒಪ್ಪಿಕೊಳ್ಳಲು ಅವನಿಗೇನೂ ಅವಸರವಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಹೊಳಬಸಪ್ಪನ ಹೊಲ ಮುಟ್ಟಿದರು. ಗುಡ್ಡದ ಬುಡದಲ್ಲಿ ಇಳಿಜಾರಾಗಿ ಹಬ್ಬಿದ ಹೊಲ. ದೂರದಲ್ಲಿ ಮಲಪ್ರಭೆಯ ನೀರು ಬೆಳ್ಳಗೆ ಕಾಣುತ್ತಿತ್ತು. ಟೆಂಟು ಎಲ್ಲಿ ಹಾಕುವುದು ಎಂದು ಸವಿತಾ ಕೇಳುವ ಮೊದಲೇ ಕನಕಪ್ಪನ ಕಾಲು ಮೇಲ್ಗಡೆಯ ಮೂಲೆಯತ್ತ ನಡೆದಿತ್ತು. ಪಡುವಣ ಗಾಳಿಗೆ ಅಡ್ಡವಾಗಿ ಒಂದು ದೊಡ್ಡ ಬಂಡೆ. ಮಳೆ ಬಂದರೂ ನೀರು ನಿಲ್ಲದ ಹಾಗೆ ನೆಲ ತುಸುವೇ ಓರೆ. ಮುಳ್ಳಿಲ್ಲ, ಇರುವೆಗೂಡಿಲ್ಲ, ನಾಲ್ಕೂ ಕಡೆಯ ದಾರಿ ಕಾಣುತ್ತದೆ. ತಾನು ಇಷ್ಟೆಲ್ಲ ನೋಡಿದೆ ಎಂಬುದು ಅವನಿಗೇ ಗೊತ್ತಾಗಲಿಲ್ಲ. ಈ ಜಾಗ ಚಲೋ ಅನಿಸಿತು, ಅಷ್ಟೆ.

ಅಲ್ಲೇ ಬಂಡೆಯ ಬುಡದಲ್ಲಿ ಅಂಗೈಯಷ್ಟು ಅಗಲದ ಒಂದು ಕಲ್ಲನ್ನು ನಿಲ್ಲಿಸಿ ಯಾರೋ ಭಂಡಾರ ಹಚ್ಚಿದ್ದರು. ಅರಿಸಿನದ ಪುಡಿ ಇನ್ನೂ ಹೊಸದಾಗಿ ಹೊಳೆಯುತ್ತಿತ್ತು. ಕನಕಪ್ಪ ಚಪ್ಪಲಿ ಬಿಟ್ಟು, ಬೆರಳಿಗೆ ಭಂಡಾರ ಹಚ್ಚಿಕೊಂಡು ಹಣೆಗಿಟ್ಟ.

"ದೇವರೂ ಅದಾನ. ಇನ್ನೇನು ಬೇಕು" ಎಂದ.

ಟೆಂಟು ಎದ್ದು ನಿಂತಿತು. ಸವಿತಾ ಮುಖ ತೊಳೆದುಕೊಂಡು, "ಚಹಾ ಆಗೂತನಾ ಬೆನ್ನು ಹಚ್ಚತೇನ್ರಿ" ಎಂದು ಒಳಗೆ ಹೋದಳು. ಕನಕಪ್ಪ ಸಣ್ಣ ಒಲೆ ಹೊತ್ತಿಸಿ ನೀರಿಟ್ಟು, ಸಕ್ಕರೆ ಎಷ್ಟು ಚಮಚ ಎಂದು ಕೇಳಲು ಟೆಂಟಿನ ಬಾಗಿಲಿಗೆ ಬಗ್ಗಿದ. ಸವಿತಾಳ ಬಾಯಿ ಅರೆತೆರೆದಿತ್ತು. ಒಂದು ಕೈ ತಲೆಯ ಕೆಳಗೆ, ಒಂದು ಕೈ ನೆಲದ ಮೇಲೆ. ಉಸಿರು ನಿಧಾನವಾಗಿ ಏರಿ ಇಳಿಯುತ್ತಿತ್ತು.

ನಿದ್ದೆ! ಕನಕಪ್ಪ ಬಗ್ಗಿದಲ್ಲೇ ನಿಂತ. ಬಾಗಿಲ ಜಿಪ್ಪು ಎಳೆದರೆ ಸದ್ದಾಗುತ್ತದೆಂದು ಹಾಗೇ ಬಿಟ್ಟ. ಒಲೆ ಆರಿಸಿದ, ಕುದಿಯುವ ನೀರಿನ ಸಪ್ಪಳವೂ ಅವನಿಗೆ ಆ ಹೊತ್ತಿನಲ್ಲಿ ದೊಡ್ಡದಾಗಿ ಕೇಳಿತ್ತು. ತುದಿಗಾಲಲ್ಲಿ ದೂರ ಹೋಗಿ ಒಂದು ಕಲ್ಲಿನ ಮೇಲೆ ಕೂತು, ಯಾರಾದರೂ ಈಗ ಮಾತಾಡಿಸಿದರೆ ಅವರ ಬಾಯಿಗೆ ಮಣ್ಣು ತುಂಬುತ್ತೇನೆ ಎಂಬ ಮುಖ ಮಾಡಿಕೊಂಡು ಹೊಲ ಕಾಯತೊಡಗಿದ. ಚಹಾ ಇಲ್ಲದೆ ತಲೆ ಸಿಡಿಯುತ್ತಿದ್ದರೂ ಅವನಿಗೆ ಇಷ್ಟು ಸಂತೋಷವಾಗಿ ಬಹಳ ಕಾಲವಾಗಿತ್ತು.

ಆಗ ಕೆಳಗಿನ ದಾರಿಯಲ್ಲಿ ಗಂಟೆ ಕೇಳಿತು. ಹೊತ್ತು ಮುಳುಗುವ ಬೆಳಕಿನಲ್ಲಿ ಧೂಳು ಎದ್ದಿತ್ತು, ಧೂಳಿನೊಳಗಿಂದ ಕುರಿಗಳು ಬರುತ್ತಿದ್ದವು. ಮುಂದೆ ಗಂಟೆ ಕಟ್ಟಿದ ಹೋತ, ಹಿಂದೆ ಹೊಲದ ತುಂಬ ಕುರಿ, ಅದರ ಹಿಂದೆ ಸಾಮಾನು ಹೊತ್ತ ಕುದುರೆ. ಹಿಂಡು ಅತ್ತಿತ್ತ ನೋಡದೆ ನೆಟ್ಟಗೆ ಟೆಂಟಿನ ಕಡೆಗೇ ಬರುತ್ತಿತ್ತು. ಕನಕಪ್ಪ ಧಡಕ್ಕನೆ ಎದ್ದ. ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಕೂಳೆಯ ಮೇಲೆ ಹಾರುತ್ತ ಓಡಿ, ಹಿಂಡಿಗೆ ಅಡ್ಡ ನಿಂತು ಎರಡೂ ಕೈ ಬೀಸಿದ. ಬಾಯಲ್ಲಿ ಮಾತ್ರ ಸದ್ದಿಲ್ಲ. ಹೋತ ಅವನನ್ನು ಮೇಲಿಂದ ಕೆಳಗೆ ನೋಡಿ ನಿಂತಿತು.

ಹಿಂದಿನಿಂದ ಕುರಿಗಾರ ಬಂದ. ಹೆಗಲ ಮೇಲೆ ಕಂಬಳಿ, ತಲೆಗೆ ಕೆಂಪು ರುಮಾಲು, ಬಿಳಿ ಮೀಸೆ. ಲಕ್ಷ್ಮಪ್ಪ ಅವನ ಹೆಸರು. ಜೊತೆಗೆ ಹೆಂಡತಿ ರಂಗವ್ವ, ಕಂಕುಳಲ್ಲಿ ಒಂದು ಮರಿ. ಗೊಬ್ಬರಕ್ಕೆಂದು ಹೊಳಬಸಪ್ಪ ತನ್ನ ಹೊಲದಲ್ಲಿ ಅವರ ಕುರಿ ನಿಲ್ಲಿಸಿಕೊಂಡಿದ್ದ. ನಿನ್ನೆ ಹಿಂಡು ಕೆಳಗಿನ ತುಂಡಿನಲ್ಲಿ ಮಲಗಿತ್ತು, ಇವತ್ತು ಮೇಲಿನ ತುಂಡಿನ ಪಾಳಿ. ಹೊಳಬಸಪ್ಪ ಹೇಳಲು ಮರೆತದ್ದು ಇದೇ.

"ಕಾಕಾ, ಮೆಲ್ಲಕ" ಎಂದು ಪಿಸುಗುಟ್ಟಿದ ಕನಕಪ್ಪ. "ಒಳಗ ನನ್ನ ಹೆಂಡತಿ ಮಲಗ್ಯಾಳ."

"ಅಲ್ಲಿ ಯಾಕ ಮಲಗಿಸಿದ್ಯೋ ತಮ್ಮಾ? ಬೆಳಿಗ್ಗೆ ನಾ ಕಲ್ಲು ಇಟ್ಟು ಹೋಗೇನಿ. ಕಲ್ಲು ಕಾಣಲಿಲ್ಲೇನು?"

"ಕಂಡೆ."

"ಮತ್ತ?"

"ಕೈ ಮುಗದೆ."

ಹೇಳಿದ ಮೇಲೆ ಕನಕಪ್ಪನಿಗೆ ನೆನಪಾಯಿತು, ಕಿವಿಯೆಲ್ಲ ಬಿಸಿಯಾಯಿತು. ಬೆಳಿಗ್ಗೆ ಹಿಂಡು ಮೇಯಲು ಹೊರಡುವ ಮೊದಲು ಅವತ್ತಿನ ರಾತ್ರಿಯ ಜಾಗ ಹುಡುಕಿ, ಬೀರಪ್ಪನ ಹೆಸರಿನಲ್ಲಿ ಕಲ್ಲು ನಿಲ್ಲಿಸಿ ಭಂಡಾರ ಹಚ್ಚುವುದು ಅವನ ಅಪ್ಪನೂ ನಡೆಸಿಕೊಂಡು ಬಂದ ಪದ್ಧತಿ. ಇಲ್ಲಿ ಹಿಂಡು ನಿಲ್ಲುತ್ತದೆ, ಬೇರೆಯವರು ಮುಂದೆ ನಡೆಯಿರಿ ಎಂದು ಅದರ ಅರ್ಥ. ಒಮ್ಮೆ ಇಟ್ಟ ಕಲ್ಲನ್ನು ಅವತ್ತು ಕೀಳುವಂತಿಲ್ಲ. ಎಷ್ಟೋ ಸಲ ಅಪ್ಪನ ಕೈಯಿಂದ ಭಂಡಾರದ ಚೀಲ ಇಸಿದುಕೊಂಡು ಅವನೇ ಓಡಿ ಹೋಗಿ ಹಚ್ಚಿ ಬಂದಿದ್ದ. ಕುರಿಯ ಬದುಕನ್ನು ಮರೆಯಬೇಕೆಂದು ಹಟಹಿಡಿದು ಕಲ್ಲಿನ ಅರ್ಥ ಮರೆತಿದ್ದ. ರಾತ್ರಿ ಕುರಿ ಕೂಡುವ ದಡ್ಡಿಗೆ ಒಳ್ಳೆಯ ಜಾಗ ಯಾವುದು ಎಂಬುದನ್ನು ಮಾತ್ರ ಅವನ ಕಾಲು ಮರೆತಿರಲಿಲ್ಲ. ಇಬ್ಬರು ಕುರಿಗಾರರು ಒಂದೇ ಹೊಲಕ್ಕೆ ಬಂದರೆ ಇಬ್ಬರೂ ಅದೇ ಮೂಲೆಗೆ ಹೋಗುತ್ತಾರೆ, ಅವನೂ ಹೋಗಿದ್ದ.

"ಯಾರ ಪೈಕಿಯೋ ನೀ?" ಎಂದ ಲಕ್ಷ್ಮಪ್ಪ, ಕಣ್ಣು ಕಿರಿದು ಮಾಡಿ.

ಕನಕಪ್ಪ ಅಪ್ಪನ ಹೆಸರು ಹೇಳಿದ. ಲಕ್ಷ್ಮಪ್ಪನ ಮೀಸೆ ಅಲುಗಿತು. ನಗುತ್ತಿದ್ದಾನೆಂದು ತಿಳಿಯಲು ತುಸು ಹೊತ್ತು ಬೇಕಾಯಿತು.

"ಕೇಳಿದೇನ ರಂಗವ್ವಾ, ಕುರಬರ ಮಗಾ ಬೀರಪ್ಪನ ಕಲ್ಲಿಗೆ ಕೈ ಮುಗದು ದಡ್ಡಿ ನಡುವ ಮನಿ ಕಟ್ಯಾನ."

ನಗಲು ಕನಕಪ್ಪನಿಗೆ ಪುರುಸೊತ್ತಿರಲಿಲ್ಲ. ಹೆಂಡತಿಯ ಕಥೆಯನ್ನು ಗಡಿಬಿಡಿಯಲ್ಲಿ ಹೇಳಿದ. ನರ್ಸು ಎಂದ, ಹೆರಿಗೆ ವಾರ್ಡು ಎಂದ, ಬೇಸಿಗೆಯಿಂದ ನಿದ್ದೆಯಿಲ್ಲ ಎಂದ, ಸೋಮವಾರದ ಮಾತನ್ನೂ ಹೇಳಿದ. ಹೇಳುತ್ತ ಹೇಳುತ್ತ ಕೈಯಲ್ಲಿದ್ದ ಚಪ್ಪಲಿ ಕೆಳಗೆ ಬಿದ್ದದ್ದೂ ಅವನಿಗೆ ತಿಳಿಯಲಿಲ್ಲ. ಅವಳು ಎಷ್ಟು ದೊಡ್ಡ ಕೆಲಸ ಮಾಡುತ್ತಾಳೆಂದು ಬಾಯಿಬಿಟ್ಟು ಹೊಗಳಿದ್ದು ಅವನ ಜನ್ಮದಲ್ಲಿ ಅದೇ ಮೊದಲು. ಅದನ್ನು ಕೇಳಬೇಕಾದವಳೊಬ್ಬಳು ಬಿಟ್ಟು, ಇಬ್ಬರು ಕುರಿಗಾರರೂ ಒಂದು ಹೋತವೂ ಕೇಳಿದರು.

ರಂಗವ್ವ ಮರಿಯನ್ನು ಗಂಡನ ಕೈಗೆ ಕೊಟ್ಟು, ಸದ್ದಿಲ್ಲದೆ ಹೋಗಿ ಟೆಂಟಿನ ಬಾಗಿಲಲ್ಲಿ ಬಗ್ಗಿ ನೋಡಿ ಬಂದಳು.

"ಎಬ್ಬಸಬ್ಯಾಡ್ರಿ" ಎಂದಳು. "ಕೂಸು ಮಲಗಿದಂಗ ಮಲಗ್ಯಾಳ ತಂಗಿ. ಸುತ್ತ ಗೂಟ ಬಡದು ಬಲಿ ಕಟ್ಟೂಣು. ಕುರಿ ಅಕಿ ಸುತ್ತ ಮಲಗತಾವ."

"ಕುರಿ ಹಗ್ಗಕ್ಕ ಮೈ ತಿಕ್ಕತಾವ" ಎಂದ ಲಕ್ಷ್ಮಪ್ಪ. "ಟೆಂಟ್ ಬೀಳತೈತಿ. ಕುರಿ ನಡುವ ಒಬ್ಬಾಂವ ರಾತ್ರಿಯೆಲ್ಲ ಇದ್ದು ಅವನ್ನ ಸಮಾಧಾನ ಮಾಡಬೇಕು. ನಾ ತ್ವಾಳ ಬರದಂಗ ಕಾಯಾಕ ಹೊರಗಿರಬೇಕು. ನೀ ಇರತೀಯೇನು?"

ಕನಕಪ್ಪ ಮೇಲೆ ನೋಡಿದ. ಮೊದಲ ಚುಕ್ಕಿ ಮೂಡಿತ್ತು. ಟೆಂಟಿನೊಳಗೆ ಸವಿತಾ, ಹೊರಗೆ ಬಯಲು.

"ಕಾಕಾ, ನಂದೊಂದು ಆಣಿ ಐತಿ. ಬಯಲಾಗ ಬೆನ್ನು ಹಚ್ಚಂಗಿಲ್ಲ ಅಂತ."

"ಯಾರ ಮ್ಯಾಲ ಮಾಡೀಯಪ್ಪಾ ಆಣಿ?"

"ಬೀರಪ್ಪನ ಮ್ಯಾಲ."

"ಅಂವಾ ಅಲ್ಲೇ ಕುಂತಾನಲ್ಲ" ಎಂದು ಲಕ್ಷ್ಮಪ್ಪ ಗಲ್ಲದಿಂದ ಬಂಡೆಯ ಬುಡ ತೋರಿಸಿದ. "ಹೋಗಿ ಕೇಳು."

ಕನಕಪ್ಪ ಹೋಗಿ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಕಲ್ಲು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಆಲಿಕಲ್ಲಿನಲ್ಲಿ ನಡುಗುತ್ತಿದ್ದ ಹುಡುಗನ ಮೇಲೆ ಅವನಿಗೆ ಕನಿಕರವಾಯಿತು. ಆ ಹುಡುಗ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಮಾಳಿಗೆಯೂ ಸಿಕ್ಕಿತ್ತು. ಅದೇ ಮಾಳಿಗೆಯ ಕೆಳಗೆ, ದಪ್ಪ ಪರದೆಯ ಹಿಂದೆ, ಸವಿತಾ ಬೆಳಗಿನವರೆಗೆ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದಳು. ತಪ್ಪಾದರೆ ನನ್ನ ಮೇಲೆ ಹಾಕು, ಅವಳ ನಿದ್ದೆಗೆ ಕೈ ಹಚ್ಚಬೇಡ ಎಂದು ಮನಸ್ಸಿನಲ್ಲೇ ಹೇಳಿ, ಎದ್ದು ಬಂದು ಲಕ್ಷ್ಮಪ್ಪನ ಮುಂದೆ ಕೈ ಚಾಚಿದ. ಲಕ್ಷ್ಮಪ್ಪ ಹೆಗಲ ಮೇಲಿನ ಕಂಬಳಿ ತೆಗೆದು ಕೊಟ್ಟ.

ಆಮೇಲೆ ಆದದ್ದನ್ನು ನೋಡಬೇಕಿತ್ತು. ಲಕ್ಷ್ಮಪ್ಪನೂ ರಂಗವ್ವನೂ ಒಂದು ಮಾತೂ ಆಡದೆ ಗೂಟ ನೆಟ್ಟು, ಬಲೆ ಎಳೆದು, ಬಂಡೆಯನ್ನೂ ಟೆಂಟನ್ನೂ ಒಳಗಿಟ್ಟು ದಡ್ಡಿ ಕಟ್ಟಿದರು. ಹೋತ ಮೊದಲು ನಡೆಯಿತು, ಕುರಿಗಳು ಅದರ ಹಿಂದೆ. ಅಷ್ಟು ದೊಡ್ಡ ಹಿಂಡಿನ ಕುರಿಗಳೆಲ್ಲ ಸುತ್ತು ಹಾಕಿ, ತಾಯಿ ಮರಿಯನ್ನು ಹುಡುಕಿ, ಮರಿ ತಾಯಿಯನ್ನು ಹುಡುಕಿ, ಒಂದೊಂದೇ ಮೊಣಕಾಲು ಮಡಚಿ ನೆಲ ಹಿಡಿದವು. ಕೆಲವು ಟೆಂಟಿನ ಬಟ್ಟೆಗೆ ಬೆನ್ನು ಹಚ್ಚಿ ಕೂತವು. ಊಟಕ್ಕೆ ಕೂತ ಪಂಕ್ತಿಯಲ್ಲಿ ಕೂಡ ಇಷ್ಟು ಶಿಸ್ತನ್ನು ಕನಕಪ್ಪ ಕಂಡಿರಲಿಲ್ಲ. ಚಿಕ್ಕವನಿದ್ದಾಗ ಇದನ್ನು ದಿನಾ ಸಂಜೆ ನೋಡಿದ್ದ, ಇದು ಚೆಂದ ಎಂದು ಒಮ್ಮೆಯೂ ಅನಿಸಿರಲಿಲ್ಲ.

ಒಂದು ಹೆಣ್ಣುಕುರಿ ಟೆಂಟಿನ ಹಗ್ಗ ಎಡವಿ ಅರಚಿತು. ಒಳಗಿನಿಂದ ಸವಿತಾಳ ಗಾಬರಿಯ ದನಿ ಬಂತು.

"ಏನ್ರಿ? ಏನದು?"

ಕನಕಪ್ಪನ ಗಂಟಲ ಆಳದಿಂದ ಒಂದು ಸದ್ದು ಬಂತು. "ಹ್ರೋ… ಹೋ… ಹ್ರೋ…" ತುಟಿ ಅಲುಗಿಸದೆ, ಎದೆಯಲ್ಲೇ ಹೊರಳಿಸಿ, ಮೆಲ್ಲಗೆ. ಕತ್ತಲಾದ ಮೇಲೆ ಬೆದರಿದ ಕುರಿಗೆ ಅಪ್ಪ ಮಾಡುತ್ತಿದ್ದ ಸದ್ದು. ಅದು ತನ್ನೊಳಗೆ ಉಳಿದಿದೆ ಎಂದು ಕನಕಪ್ಪನಿಗೆ ಗೊತ್ತಿರಲಿಲ್ಲ. ಕುರಿ ಸುಮ್ಮನಾಯಿತು. ಟೆಂಟಿನೊಳಗೆ ಮಗ್ಗಲು ಬದಲಿಸಿದ ಸಪ್ಪಳವಾಯಿತು, ಮತ್ತೆ ಅದೇ ನಿಧಾನದ ಉಸಿರು. ಕನಕಪ್ಪ ಬಾಗಿಲ ಮುಂದೆ ಕಂಬಳಿ ಹೊದ್ದು ಕೂತ. ಹಿಂಡು ಅಲುಗಿದಾಗೊಮ್ಮೆ ಆ ಸದ್ದು ಮಾಡಿದ, ಆಮೇಲೆ ಅಲುಗದಿದ್ದರೂ ಮಾಡಿದ. ಯಾವಾಗ ಬೆನ್ನು ನೆಲಕ್ಕೆ ಹತ್ತಿತೋ ಅವನಿಗೆ ತಿಳಿಯಲಿಲ್ಲ.

ಸವಿತಾ ಎದ್ದು ಹೊರಗೆ ಬಂದಾಗ ಬಿಸಿಲು ಬಂಡೆಯ ಮೇಲಕ್ಕೆ ಏರಿತ್ತು. ಸುತ್ತ ಕುರಿ, ಕುರಿಗಳ ನಡುವೆ ಗಂಡ. ಎ.ಸಿ. ಇಲ್ಲದೆ ಮಲಗದ ಮನುಷ್ಯ ಕರಿ ಕಂಬಳಿಯಲ್ಲಿ ಮುದುಡಿ, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದ. ಹಣೆಯ ಭಂಡಾರ ಮೂಗಿನವರೆಗೂ ಇಳಿದಿತ್ತು. ಅವನ ಕಾಲ ಮೇಲೆ ಒಂದು ಮರಿ ತಲೆಯಿಟ್ಟಿತ್ತು. ಅವಳು ಅವನನ್ನು ಎಬ್ಬಿಸಲಿಲ್ಲ. ಪಕ್ಕದಲ್ಲಿ ಕೂತು, ರಂಗವ್ವ ತಂದುಕೊಟ್ಟ ಚಹಾ ಕುಡಿಯುತ್ತ ರಾತ್ರಿಯ ಕಥೆಯನ್ನೆಲ್ಲ ಕೇಳಿದಳು. ಸುದ್ದಿ ಹೇಳುವಾಗ ರಂಗವ್ವ ಏನನ್ನೂ ಬಿಡುವವಳಲ್ಲ. ಕನಕಪ್ಪ ಹೊಗಳಿದ್ದನ್ನೂ ಹೇಳಿದಳು, ಅವನು ಚಪ್ಪಲಿ ಬೀಳಿಸಿಕೊಂಡದ್ದನ್ನೂ ಹೇಳಿದಳು.

ಕನಕಪ್ಪ ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಆಕಾಶ. ಆಮೇಲೆ ಅದಕ್ಕೆ ಅಡ್ಡ ಬಂದ ಸವಿತಾಳ ಮುಖ. ಕಣ್ಣ ಕೆಳಗಿನ ಕಪ್ಪು ಹಾಗೇ ಇತ್ತು, ಕಣ್ಣುಗಳು ಮಾತ್ರ ತಿಳಿಯಾಗಿದ್ದವು.

"ನಿದ್ದಿ ಬಂತೇನು?" ಎಂದು ಕೇಳಿದ.

"ಬಂತ್ರಿ." ಅವಳು ಚಹಾದ ಲೋಟ ಕೆಳಗಿಟ್ಟಳು. "ನಡುವ ಒಂದ್ಸಲ ಅಂಜಿಕಿ ಆತು. ಆಮ್ಯಾಲ ಯಾರೋ ದನಿ ಮಾಡಿದ್ರು. ವಾರ್ಡಿನ ಕೂಗು ಕೇಳಲೇ ಇಲ್ಲ, ಅದೊಂದ ಕೇಳತಿತ್ತು. ಯಾರದ್ರಿ ಆ ದನಿ?"

ಕನಕಪ್ಪ ಎದ್ದು ಕೂತು ಮರಿಯ ತಲೆ ಸವರಿದ.

"ನಮ್ಮಪ್ಪಂದು" ಎಂದ.

ಸೋಮವಾರ ಸವಿತಾ ಹಿರೇ ಸಿಸ್ಟರ್‌ಗೆ ಏನೂ ಹೇಳಲಿಲ್ಲ. ಹೆರಿಗೆ ವಾರ್ಡಿಗೆ ಹೋಗಿ, ಎಂದಿನಂತೆ ಕೈ ತೊಳೆದುಕೊಂಡು ಕೆಲಸಕ್ಕೆ ನಿಂತಳು.

ಆದರೆ ಒಂದು ರಾತ್ರಿಯ ನಿದ್ದೆಗೆ ಎಲ್ಲವೂ ಸರಿಹೋಗುವಷ್ಟು ಮೈ ಸುಲಭದ್ದಲ್ಲ. ಆ ವಾರದ ಕೊನೆಗೊಂದು ದಿನ ಕೆಲಸ ಮುಗಿಸಿ ಬಂದು, ಉಂಡು ಮಲಗಿದವಳು ಮತ್ತೆ ಆ ಮಗ್ಗಲಿಂದ ಈ ಮಗ್ಗಲಿಗೆ ಹೊರಳತೊಡಗಿದಳು. ಕನಕಪ್ಪ ಸ್ವಲ್ಪ ಹೊತ್ತು ನೋಡಿದ. ಎದ್ದು ಎ.ಸಿ. ಆರಿಸಿದ. ಹಳೆಯ ಟ್ರಂಕಿನ ತಳದಿಂದ ಅಪ್ಪನ ಕಂಬಳಿ ಎಳೆದು, ಹೆಗಲಿಗೆ ಹಾಕಿ, ಮಾತಿಲ್ಲದೆ ಮಾಳಿಗೆಯ ಮೆಟ್ಟಿಲು ಹತ್ತಿದ. ಸವಿತಾ ದಿಂಬು ಹಿಡಿದು ಹಿಂದೆ ಬಂದಳು.

ಚಳಿ ಶುರುವಾಗಿತ್ತು. ಓಣಿಯ ಮಂದಿಯೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಬೆಚ್ಚಗಿದ್ದರು. ಬೇಸಿಗೆಯಲ್ಲಿ ಮೇಲೇರದ ಮನುಷ್ಯ ಚಳಿಗಾಲದಲ್ಲಿ ಮಾಳಿಗೆಯ ಮೇಲೆ ಕಂಬಳಿ ಹಾಸಿದ. ಸವಿತಾ ಅದರ ಮೇಲೆ ಮಲಗಿ, ಅರ್ಧವನ್ನು ಮೈಮೇಲೆ ಎಳೆದುಕೊಂಡಳು.

"ಆ ದನಿ ಮಾಡ್ರಿ" ಎಂದಳು, ಕಣ್ಣು ಮುಚ್ಚಿಯೇ.

"ಓಣ್ಯಾಗ ಮಂದಿ ಕೇಳತಾರ."

ಕನಕಪ್ಪ ಎದುರು ಮನೆಯ ಕಿಟಕಿಯತ್ತ ಒಮ್ಮೆ ನೋಡಿದ, ಅಲ್ಲಿ ದೀಪ ಇನ್ನೂ ಉರಿಯುತ್ತಿತ್ತು. ಅವಳ ಪಕ್ಕದಲ್ಲಿ ಕಾಲು ಮಡಚಿ ಕೂತು, ಗಂಟಲು ಸರಿಮಾಡಿಕೊಂಡು, ಮೊದಲು ಮೆಲ್ಲಗೆ, ಆಮೇಲೆ ಅಪ್ಪ ಮಾಡುತ್ತಿದ್ದಷ್ಟೇ ದನಿಯಲ್ಲಿ ಶುರುಮಾಡಿದ. ಎದುರು ಮನೆಯ ಕಿಟಕಿ ತೆರೆದ ಸದ್ದಾಯಿತು, ಯಾರೋ ಇಣುಕಿ ನೋಡಿದರು. ಆ ಹೊತ್ತಿಗೆ ಸವಿತಾಳಿಗೆ ನಿದ್ದೆ ಹತ್ತಿತ್ತು. ಕನಕಪ್ಪ ನಿಲ್ಲಿಸಲಿಲ್ಲ.